ಗೃಹಕೃತ್ಯ: ವಿದ್ಯುತ್ ಕೆಟಲನ್ನು ಕೊಳ್ಳುವಾಗ

ಬೆಲೆಯೊಂದನ್ನೇ ನೋಡಿ ಪದಾರ್ಥವನ್ನು ಕೊಂಡವರು ಎರಡು ಸಲ ಹಣ ತೆರಬೇಕಾಗುವುದೆಂಬುದು ಗೃಹಸ್ಥರಿಗೆ ತಿಳಿಯದ ಮಾತಲ್ಲ. ತಿಳಿದಿದ್ದೂ ನಾವೇ ಒಮ್ಮೆ ಹಾಗೆ ಮಾಡಿದೆವು. ಮಳೆಗಾಲದಲ್ಲಿ ಮನೆಯ ಹಿರಿಯರಿಗೆ ಬೆಳಗಿನ ಜಾವ ಬಿಸಿನೀರು ಬೇಕೆಂದು, ಹೊಳಪನ್ನೂ ಅಗ್ಗವನ್ನೂ ಕಂಡು ಮರುಳಾಗಿ ಒಂದು ಕೆಟಲನ್ನು ತಂದೆವು. ಒಂದು ದಿನ ಅತ್ತೆಯವರು ಅದರಲ್ಲಿ ನೀರಿಟ್ಟು, ಗುಂಡಿಯನ್ನೊತ್ತಿ, ಪೂಜೆಗೆ ಹೂ ಬಿಡಿಸಲು ಹಿತ್ತಲಿಗೆ ಹೋದರು. ನೀರೆಲ್ಲ ಆವಿಯಾಗಿ, ಸುಟ್ಟ ವಾಸನೆಯು ಮನೆಯನ್ನು ತುಂಬಿದಾಗಲೇ ನಮಗೆ ಎಚ್ಚರವಾದುದು. ಕೆಟಲಿನ ಹಿಡಿ ಕರಗಿ ಬಾಗಿತ್ತು. ಯಾರಿಗೂ ಅಪಾಯವಾಗಲಿಲ್ಲವೆಂಬುದೇ ಪುಣ್ಯ. ಅತ್ತೆಯವರು ತಮ್ಮದೇ ತಪ್ಪೆಂದು ಬಹಳ ದಿನ ನೊಂದುಕೊಂಡರು. ತಪ್ಪು ಅವರದಲ್ಲ, ತಾನಾಗಿ ನಿಲ್ಲದ ಕೆಟಲನ್ನು ತಂದ ನಮ್ಮದು.

ಆದಕಾರಣ ಅಂಗಡಿಯಲ್ಲಿ ಮೊಟ್ಟಮೊದಲು ಕೇಳತಕ್ಕ ಪ್ರಶ್ನೆ ಬೆಲೆಯದಲ್ಲ. ನೀರು ಕುದಿದೊಡನೆ ಇದು ತಾನಾಗಿ ನಿಲ್ಲುವುದೋ ಎಂಬುದು. ಇದರ ಮರ್ಮ ಸರಳವಾದುದು. ಎರಡು ಬಗೆಯ ಲೋಹಗಳನ್ನು ಬೆಸೆದ ಒಂದು ಪುಟ್ಟ ಬಿಲ್ಲೆಗೆ ಕುದಿನೀರಿನ ಆವಿಯು ತಗುಲುವಂತೆ ಏರ್ಪಡಿಸಿರುತ್ತಾರೆ. ಒಂದು ಲೋಹವು ಮತ್ತೊಂದಕ್ಕಿಂತ ಹೆಚ್ಚಾಗಿ ಹಿಗ್ಗುವುದರಿಂದ ಬಿಲ್ಲೆಯು ಥಟ್ಟನೆ ಬಾಗಿ ವಿದ್ಯುತ್ತನ್ನು ಕಡಿಯುತ್ತದೆ. ಮುಚ್ಚಳವನ್ನು ತೆರೆದಿಟ್ಟರೆ ಆವಿಯು ಹೊರಗೆ ಹೋಗಿಬಿಡುವುದರಿಂದ ಕೆಟಲು ಕುದಿಯುತ್ತಲೇ ಇರುವುದು. ಇದನ್ನು ಮನೆಮಂದಿಗೆಲ್ಲ ತಿಳಿಸಿರಬೇಕು. ಇದಲ್ಲದೆ, ನೀರಿಲ್ಲದೆ ಬರಿದೇ ಕಾದಾಗ ನಿಲ್ಲಿಸುವ ಎರಡನೆಯ ರಕ್ಷಣೆಯೂ ಇರತಕ್ಕದ್ದು. ಎರಡೂ ಇವೆಯೆಂದು ಪೆಟ್ಟಿಗೆಯ ಮೇಲೆ ಬರೆದಿದೆಯೋ ಎಂದು ಓದಿ ನೋಡಿರಿ.

ಎರಡನೆಯದಾಗಿ, ಮನೆಯ ಸಾಕೆಟ್ಟನ್ನು ನೋಡಿಕೊಂಡು ಕೆಟಲನ್ನು ಆರಿಸಬೇಕು. 1500 ವಾಟಿನ ಕೆಟಲು 230 ವೋಲ್ಟಿನಲ್ಲಿ ಸುಮಾರು 6.5 ಆಂಪಿಯರ್ ಎಳೆಯುತ್ತದೆ. ದೀಪ, ರೇಡಿಯೋಗಳಿಗೆಂದು ಹಾಕಿಸಿದ 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಅದು ಮಿತಿಮೀರಿದ ಭಾರ. ಅದಕ್ಕೆ 16 ಆಂಪಿಯರಿನ ಸಾಕೆಟ್ಟೇ ಬೇಕು. ಅದಿಲ್ಲದವರು 1000 ವಾಟಿನದನ್ನು ಕೊಳ್ಳುವುದು ಮೇಲು. ಒಂದು ಲೀಟರು ನೀರು ಕುದಿಯಲು ಮೊದಲನೆಯದಕ್ಕೆ ನಾಲ್ಕು ನಿಮಿಷ ಹಿಡಿದರೆ ಎರಡನೆಯದಕ್ಕೆ ಆರು ಹಿಡಿದೀತು. ವಿದ್ಯುತ್ತಿನ ಖರ್ಚು ಮಾತ್ರ ಎರಡರಲ್ಲಿಯೂ ಸುಮಾರು ಯೂನಿಟ್ಟಿನ ಹತ್ತನೆಯ ಒಂದು ಪಾಲೇ. ಹೆಚ್ಚು ವಾಟ್ ಎಂದರೆ ಹೆಚ್ಚು ಬಿಲ್ಲೆಂದು ಹೆದರಬೇಕಾದುದಿಲ್ಲ. ಪ್ಲಗ್ಗಿನಲ್ಲಿ ಮೂರು ಕಡ್ಡಿಗಳಿರಬೇಕು; ಮೂರನೆಯದು ಭೂಮಿಗೆ ಸೇರಿದ್ದು, ನಮ್ಮ ಪ್ರಾಣವನ್ನು ಕಾಯುವಂಥದು.

ಮೂರನೆಯದಾಗಿ, ಮುಚ್ಚಳವನ್ನು ತೆಗೆದು ಒಳಗೆ ನೋಡಿರಿ. ನೀರು ತಾಗುವಲ್ಲೆಲ್ಲ ಸ್ಟೀಲೇ ಇರುವುದು ಉತ್ತಮ. ಕೈ ಹೋಗುವಷ್ಟು ಬಾಯಿಯೂ, ಸಮತಟ್ಟಾದ ತಳವೂ ಇದ್ದರೆ ತೊಳೆಯುವುದು ಸುಲಭ. ಕೊಳವೆಬಾವಿಯ ಗಡಸು ನೀರನ್ನು ಬಳಸುವವರ ಕೆಟಲಿನಲ್ಲಿ ಬಿಳಿಯ ಸುಣ್ಣದ ಪೊರೆ ಕಟ್ಟುವುದು. ನಿಂಬೆರಸ ಬೆರೆಸಿದ ನೀರನ್ನು ಕುದಿಸಿ, ಅರ್ಧ ಗಂಟೆ ಬಿಟ್ಟು ತೊಳೆದರೆ ಅದು ಹೋಗುತ್ತದೆ. ಹಾಲನ್ನು ಮಾತ್ರ ಇದರಲ್ಲಿ ಕಾಯಿಸಬಾರದು: ತಳಹತ್ತುವುದಲ್ಲದೆ ಉಕ್ಕಿ ಕೆಳಗಿನ ತಂತಿಗಳಿಗೆ ಇಳಿಯಬಹುದು.

ಕೊನೆಯದಾಗಿ, ನಂಬಿಕೆಯ ಮಾತು. ಐ.ಎಸ್.ಐ. ಮುದ್ರೆಯನ್ನೂ ಅದರೊಡನಿರುವ ಪರವಾನಗಿ ಸಂಖ್ಯೆಯನ್ನೂ ನೋಡಿರಿ. ಕೆಟಲುಗಳಿಗೆ ಸಂಬಂಧಿಸಿದ ಮಾನಕದ ಸಂಖ್ಯೆ 367. ಪರವಾನಗಿಯು ನಿಜವೋ ಎಂಬುದನ್ನು ಮಾನಕ ಸಂಸ್ಥೆಯ 'ಬಿ.ಐ.ಎಸ್. ಕೇರ್' ಎಂಬ ಆ್ಯಪಿನಲ್ಲಿ ಪರೀಕ್ಷಿಸಬಹುದು. ರಶೀದಿಯನ್ನು ಕೇಳಿ ಪಡೆಯಿರಿ. ಕೆಟ್ಟರೆ ದುರಸ್ತಿ ಮಾಡುವವರು ತಮ್ಮ ಊರಿನಲ್ಲಿರುವರೋ ಎಂಬುದನ್ನೂ ವಿಚಾರಿಸಿರಿ. ಈ ಗುಣಗಳುಳ್ಳ ಸಾಧಾರಣ ಸ್ಟೀಲಿನ ಕೆಟಲು ಸಾವಿರ ರೂಪಾಯಿಯ ಆಸುಪಾಸಿನಲ್ಲಿಯೇ ದೊರೆಯುತ್ತದೆ. ಗಾಜಿನ ಮೈ, ಬಣ್ಣದ ದೀಪ ಇತ್ಯಾದಿಗಳು ಬೆಲೆಯನ್ನು ಏರಿಸುವುವೇ ಹೊರತು ನೀರಿನ ರುಚಿಯನ್ನಲ್ಲ.

ನಮ್ಮ ಎರಡನೆಯ ಕೆಟಲಿಗೆ ಮೊದಲನೆಯದಕ್ಕಿಂತ ಮುನ್ನೂರು ರೂಪಾಯಿ ಹೆಚ್ಚಾಯಿತು. ಅತ್ತೆಯವರು ಕೆಲವು ದಿನ ಅದನ್ನು ಮುಟ್ಟಲೂ ಅಂಜಿದರು. ಈಗ ನೀರಿಟ್ಟು ಹೂ ಬಿಡಿಸಲು ಹೋಗುತ್ತಾರೆ. ಬುಟ್ಟಿ ತುಂಬುವುದರೊಳಗೆ ಗುಂಡಿಯು ತಾನಾಗಿ ಮೇಲೆದ್ದಿರುತ್ತದೆ.