ಪಾಕಶಾಲೆ: ಸುಶಿ ಸುರುಳಿಯೂ ಹಸಿಮೀನಿನ ವಿಚಾರವೂ

ಜಪಾನೀಯರ ಸುಶಿಯೆಂಬ ತಿನಿಸು ಈಗ ಅವರ ದ್ವೀಪಗಳನ್ನು ದಾಟಿ ಲೋಕದ ದೊಡ್ಡ ಪಟ್ಟಣಗಳಿಗೆಲ್ಲ ಬಂದಿರುವುದು. ನಮ್ಮ ಬೆಂಗಳೂರಿನಲ್ಲಿಯೂ ಅದನ್ನು ಬಡಿಸುವ ಭೋಜನಶಾಲೆಗಳುಂಟು. ಹೊರಗೆ ರುಚಿ ನೋಡಿ ಬಂದ ಮಕ್ಕಳು ಮನೆಯಲ್ಲಿಯೂ ಮಾಡೆಂದು ಹಟ ಹಿಡಿಯುವುದೂ, ಪರದೇಶದಲ್ಲಿ ಸಂಸಾರ ಹೂಡಿರುವ ಸೋದರಿಯರು ನೆರೆಹೊರೆಯವರಿಂದ ಕೇಳಿ ತಿಳಿದು ತಾವೇ ಮಾಡಲೆಳಸುವುದೂ ಸಹಜವೇ ಸರಿ. ಆದುದರಿಂದ ಮೀನು ತಿನ್ನುವ ಕುಟುಂಬಗಳ ಉಪಯೋಗಕ್ಕೆಂದು ಈ ತಿಂಗಳು ಅದರ ಕ್ರಮವನ್ನು ಬರೆಯುತ್ತಿರುವೆವು. ಶಾಕಾಹಾರಿಗಳಾದ ವಾಚಕರು ಬೇಸರಿಸಬೇಕಾಗಿಲ್ಲ; ಅವರಿಗೂ ಇದರಲ್ಲಿ ಪಾಲುಂಟು.

ಈ ಅಡಿಗೆಯಲ್ಲಿ ಸುರುಳಿ ಸುತ್ತುವುದೇ ಕಷ್ಟವೆಂದೂ, ಮೀನು ತಾಜಾ ಆಗಿದ್ದರೆ ಸಾಕೆಂದೂ ಹಲವರು ತಿಳಿದಿರುವರು. ಸಂಗತಿ ಇದಕ್ಕೆ ತೀರ ವಿಪರೀತವಾದುದು. ಕೈಸುತ್ತು ಚಕ್ಕುಲಿ ಮಾಡಬಲ್ಲವರಿಗೆ ಈ ಸುರುಳಿ ನಾಲ್ಕನೆಯ ಸಲಕ್ಕೆ ಕೈಗೆ ಬರುವುದು. ಮೀನಿನ ವಿಷಯದಲ್ಲಿಯಾದರೋ, ತಾಜಾತನವೊಂದನ್ನೇ ನಂಬಿದವರು ಮೋಸಹೋಗುವರು.

ಸುಶಿಯೆಂದರೆ ಹಸಿಮೀನೆಂದು ಅರ್ಥವಲ್ಲ. ಹಸಿಮೀನಿನ ಬಿಲ್ಲೆಗಳಿಗೆ ಅವರು ಸಾಶಿಮಿ ಎನ್ನುವರು. ಸುಶಿಯಲ್ಲಿ ಮುಖ್ಯವಾದುದು ಹುಳಿಯೂಡಿದ ಅನ್ನ. ಪೂರ್ವದಲ್ಲಿ ಈ ಅನ್ನವು ಮೀನನ್ನು ಕೆಡದಂತೆ ಇಡುವ ಉಪಾಯವಾಗಿದ್ದಿತು. ಶಿಗಾ ಪ್ರಾಂತದ ಬೀವಾ ಸರೋವರದ ಸುತ್ತಿನ ಜನರು ಇಂದಿಗೂ ಸರೋವರದ ಮೀನಿಗೆ ಉಪ್ಪು ತುಂಬಿಟ್ಟು, ಆಮೇಲೆ ಅನ್ನದೊಳಗೆ ಹುದುಗಿಸಿ, ಭಾರ ಹೇರಿ ತಿಂಗಳುಗಟ್ಟಲೆ ಬಿಡುವರು. ಅನ್ನ ಹುಳಿತು ಮೀನನ್ನು ಕಾಯುವುದು. ತಿನ್ನುವಾಗ ಆ ಅನ್ನವನ್ನು ಬಹುಮಟ್ಟಿಗೆ ಒರಸಿ ಚೆಲ್ಲುವರು. ಇಷ್ಟು ಕಾಲ ಕಾಯಲಾರದವರು ಮುಂದೆ ಅನ್ನಕ್ಕೆ ವಿನೆಗರನ್ನೇ ಬೆರಸತೊಡಗಿದರು. ಈಗ ಟೋಕಿಯೋ ಆಗಿರುವ ಅಂದಿನ ಎದೋ ನಗರದಲ್ಲಿ 19ನೆಯ ಶತಮಾನದ ಆದಿಭಾಗದಲ್ಲಿ, ಮುಷ್ಟಿಯಲ್ಲಿ ಒತ್ತಿದ ಅನ್ನದ ಮೇಲೆ ಮೀನಿಟ್ಟು ಬೀದಿಯಲ್ಲಿ ಮಾರುವ ಪದ್ಧತಿ ಹುಟ್ಟಿತು. ಆಗಲೂ ಆ ಮೀನು ಬಹುಮಟ್ಟಿಗೆ ಸೋಯಾ ಸಾಸಿನಲ್ಲಿ ನೆನೆಸಿದ್ದೋ, ಉಪ್ಪು-ವಿನೆಗರಿನಲ್ಲಿಟ್ಟದ್ದೋ, ಬೇಯಿಸಿದ್ದೋ ಆಗಿದ್ದಿತು. ಮೀನನ್ನು ಏನೂ ಮಾಡದೆ ಹಸಿಯಾಗಿಯೇ ಇಡುವ ಈಗಿನ ಸುಶಿಯು ಮಂಜುಗಡ್ಡೆಯ ಮತ್ತು ಶೈತ್ಯಯಂತ್ರದ ಕೂಸೆಂದರೆ ತಪ್ಪಾಗದು.

ಈ ಶೈತ್ಯವು ಬರಿಯ ಕೊಳೆತವನ್ನು ತಡೆಯುವುದಕ್ಕಾಗಿ ಮಾತ್ರವಲ್ಲ. ಕಡಲಿನ ಹಲವು ಮೀನುಗಳ ಹೊಟ್ಟೆಯಲ್ಲಿ ಅನಿಸಾಕಿಸ್ ಎಂಬ ಬಿಳಿಯ ಹುಳುವಿನ ಮರಿಗಳು ಸುರುಳಿಸುತ್ತಿಕೊಂಡಿರುವುವು. ಉದ್ದ 2-3 ಸೆಂಟಿಮೀಟರು, ದಪ್ಪ ನೂಲೆಳೆಯಷ್ಟು. ತಿಮಿಂಗಿಲ, ಡಾಲ್ಫಿನ್ ಮೊದಲಾದವುಗಳ ಜಠರವೇ ಅವುಗಳ ನಿಜವಾದ ನೆಲೆ; ಮೀನು ದಾರಿಯ ಛತ್ರ. ಮೀನು ಸತ್ತ ಬಳಿಕ ಕರುಳನ್ನು ತೆಗೆಯದೆ ಬಿಟ್ಟರೆ ಅವು ಮಾಂಸದೊಳಕ್ಕೆ ತೂರಿಕೊಳ್ಳಬಲ್ಲವು. ಅಂತಹ ಮೀನನ್ನು ಹಸಿಯಾಗಿ ತಿಂದವನ ಜಠರದ ಗೋಡೆಗೆ ಹುಳು ಕಚ್ಚಿಕೊಂಡಿತೆಂದರೆ ಕೆಲವೇ ಗಂಟೆಗಳೊಳಗೆ ತಡೆಯಲಾರದ ಹೊಟ್ಟೆಶೂಲೆಯೂ ವಾಂತಿಯೂ ತೊಡಗುವುವು. ವೈದ್ಯರು ಗಂಟಲಿನೊಳಗೆ ನಳಿಕೆಯಿಳಿಸಿ ಅದನ್ನು ಹಿಡಿದು ತೆಗೆಯಬೇಕಾಗುವುದು. ಮೀನು ಎಷ್ಟು ತಾಜಾ ಆಗಿದ್ದರೆ ಹುಳುವೂ ಅಷ್ಟೇ ಜೀವಕಳೆಯಿಂದಿರುವುದೆಂಬುದನ್ನು ಮರೆಯಲಾಗದು. ಉಪ್ಪು, ವಿನೆಗರು, ಅಡಿಗೆಯಲ್ಲಿ ಹಚ್ಚುವಷ್ಟು ವಸಾಬಿ, ಇವಾವುವೂ ಅದನ್ನು ಕೊಲ್ಲಲಾರವು. ಕೊಲ್ಲುವುವು ಎರಡೇ: ಬೆಂಕಿ ಮತ್ತು ಕಡುಶೀತ.

ಈ ರೋಗವನ್ನು ಮೊದಲು ಸ್ಪಷ್ಟವಾಗಿ ಗುರುತಿಸಿದವರು ಡಚ್ಚರು. ಹೆರಿಂಗ್ ಎಂಬ ಮೀನನ್ನು ತುಸುವೇ ಉಪ್ಪಿನಲ್ಲಿಟ್ಟು ಹಸಿಯಾಗಿ ನುಂಗುವುದು ಅವರ ದೇಶದ ಹಳೆಯ ಅಭ್ಯಾಸ. ವಾನ್ ಟೀಲ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ 1960ರಲ್ಲಿ ಹುಳುವಿನ ಸಂಗತಿಯನ್ನು ಪ್ರಕಟಿಸಿದರು. ಹೆರಿಂಗನ್ನು ಸೊನ್ನೆಗಿಂತ 20 ಡಿಗ್ರಿ ಸೆಂಟಿಗ್ರೇಡು ಕೆಳಗಿನ ಶೀತದಲ್ಲಿ 24 ಗಂಟೆಗಳ ಕಾಲ ಇಟ್ಟೇ ಮಾರತಕ್ಕದ್ದೆಂದು 1968ರಲ್ಲಿ ಅಲ್ಲಿ ಕಾಯಿದೆಯಾಯಿತು. ಕಾಯಿದೆಯಾದ ಮೇಲೆ ರೋಗ ಬಹುಮಟ್ಟಿಗೆ ಇಲ್ಲವಾಯಿತು. ಜನರು ಮೀನನ್ನು ಬಿಡಲಿಲ್ಲ, ರುಚಿಯೂ ಕೆಡಲಿಲ್ಲ. ಅತ್ತ ಜಪಾನಿನಲ್ಲಿ ಶೀತದಲ್ಲಿಡದ ತಾಜಾ ಮೀನಿನ ಮೇಲಣ ಮೋಹವು ಹೆಚ್ಚು; ಅಲ್ಲಿನ ಸರಕಾರದ ಲೆಕ್ಕದಂತೆ ಈಚಿನ ವರ್ಷಗಳಲ್ಲಿ ಆಹಾರದಿಂದಾದ ಕಾಯಿಲೆಯ ಪ್ರಕರಣಗಳ ಸಂಖ್ಯೆಯಲ್ಲಿ ಈ ಹುಳುವೇ ಮುಂದಿರುವುದು.

ಹಾಗಾದರೆ ನಮ್ಮ ಮನೆಯ ಫ್ರೀಜರಿನಲ್ಲಿ ಒಂದು ರಾತ್ರಿ ಇಟ್ಟರಾಗದೆ ಎಂದು ಕೇಳಬಹುದು. ಆಗದು. ಮನೆಯ ಫ್ರೀಜರನ್ನು ಸಾಮಾನ್ಯವಾಗಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ ನಿಲ್ಲುವಂತೆ ಮಾಡಿರುವರು. ಬಾಗಿಲು ತೆರೆದು ಮುಚ್ಚುವುದರಲ್ಲಿಯೂ ಕರೆಂಟು ಹೋಗಿ ಬರುವುದರಲ್ಲಿಯೂ ಅದೂ ನಿಲ್ಲದು. ಅಮೆರಿಕದ ಆಹಾರ ಇಲಾಖೆಯು ವಿಧಿಸಿರುವುದು 20 ಡಿಗ್ರಿ ಕೆಳಗೆ ಪೂರಾ 7 ದಿನ, ಇಲ್ಲವೆ 35 ಡಿಗ್ರಿ ಕೆಳಗೆ ಗಟ್ಟಿಯಾದ ಮೇಲೆ ಅಷ್ಟೇ ಶೀತದಲ್ಲಿ 15 ಗಂಟೆ. ಇದು ವ್ಯಾಪಾರಿಯ ದೊಡ್ಡ ಯಂತ್ರದಿಂದಾಗತಕ್ಕ ಕೆಲಸ.

ಅಲ್ಲದೆ ಶೀತವು ಹುಳುವನ್ನು ಕೊಂದರೂ ಸೂಕ್ಷ್ಮಜೀವಿಗಳನ್ನು ಕೊಲ್ಲದು. ಅವು ಮಲಗಿದ್ದು ಬೆಚ್ಚಗಾದೊಡನೆ ಏಳುವುವು. 1950ರಲ್ಲಿ ಒಸಾಕಾದಲ್ಲಿ ಅರೆಯೊಣಗಿದ ಸಣ್ಣ ಮೀನು ತಿಂದ 272 ಮಂದಿ ಕಾಯಿಲೆ ಬಿದ್ದು 20 ಮಂದಿ ತೀರಿಕೊಂಡರು. ಫುಜಿನೋ ಎಂಬ ವೈದ್ಯವಿದ್ವಾಂಸರು ಅದಕ್ಕೆ ಕಾರಣವಾದ, ಬೆಚ್ಚನೆಯ ಉಪ್ಪುನೀರಿನಲ್ಲಿ ಹುಲುಸಾಗಿ ಬೆಳೆಯುವ ಜೀವಿಯನ್ನು ಕಂಡುಹಿಡಿದರು. ಸಿಹಿನೀರು ಅದಕ್ಕೆ ಆಗದು; ಕಡಲಮೀನನ್ನು ಕೊಯ್ಯುವ ಮುನ್ನ ನಲ್ಲಿಯ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕೆಂದು ಜಪಾನಿನಲ್ಲಿ ಹೇಳುವುದು ಇದರಿಂದಲೇ. ಇನ್ನು ಬಂಗುಡೆ, ಟ್ಯೂನ ಮೊದಲಾದ ಜಾತಿಯ ಮೀನುಗಳು ಬಿಸಿಲಿನಲ್ಲಿ ಕೆಲವು ಗಂಟೆ ಇದ್ದುವೆಂದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಿಷವೇಳುವುದು. ಅದನ್ನು ಮರಳಿ ಶೀತದಲ್ಲಿಟ್ಟರೂ ಹೋಗದು, ಕುದಿಸಿದರೂ ಹೋಗದು. ನಾಲಗೆಗೆ ಮೆಣಸಿನಂತೆ ಚುರುಗುಟ್ಟಿದ ಮೀನನ್ನು ಅಲ್ಲಿಯೇ ಉಗುಳಿಬಿಡಬೇಕು.

ಆದುದರಿಂದ ಕರಾವಳಿಯ ಸೋದರಿಯರಿಗೆ ನಾವು ಬಿಚ್ಚಿ ಹೇಳುವುದೇನೆಂದರೆ: ಬೆಳಗ್ಗೆ ದೋಣಿಯಿಂದಿಳಿದ ಅಂಜಲ್ ಆಗಲಿ ಬಂಗುಡೆಯಾಗಲಿ ಸಾರಿಗೆ ಎಷ್ಟು ಶ್ರೇಷ್ಠವಾಗಿದ್ದರೂ ಹಸಿಯಾಗಿ ತಿನ್ನತಕ್ಕದ್ದಲ್ಲ. ಅದನ್ನು ಮುಟ್ಟಿದ ಮಂಜುಗಡ್ಡೆ, ಬುಟ್ಟಿ, ಕತ್ತಿ, ನೀರು ಇವೆಲ್ಲವೂ ಮುಂದೆ ಒಲೆಯುಂಟೆಂಬ ನಂಬಿಕೆಯ ಮೇಲೆ ನಡೆದಿರುವುವು. ಮಾರುವವಳು ಮಾಡಿದ ತಪ್ಪೇನೂ ಇಲ್ಲ. ಅವಳು ಮಾರಿದ್ದು ಸಾರಿನ ಮೀನು. ಕೆರೆಹೊಳೆಗಳ ಮೀನಿನ ಮಾತಂತೂ ಬೇಡವೇ ಬೇಡ. ಥಾಯ್ಲೆಂಡಿನ ಈಶಾನ್ಯ ಸೀಮೆಯಲ್ಲಿ ಹೊಳೆಮೀನನ್ನು ಹಸಿಯಾಗಿ ಜಜ್ಜಿ ತಿನ್ನುವ ರೂಢಿಯಿಂದ ಪಿತ್ತನಾಳದಲ್ಲಿ ಹುಳು ಸೇರಿ, ವರ್ಷಗಳ ಮೇಲೆ ಅರ್ಬುದಕ್ಕೆ ತಿರುಗಿ, ಎಷ್ಟೋ ಸಂಸಾರಗಳು ಯಜಮಾನನನ್ನು ಕಳೆದುಕೊಂಡಿರುವುವು. ಗರ್ಭಿಣಿಯರಿಗೂ, ಎಳೆಯ ಮಕ್ಕಳಿಗೂ, ವೃದ್ಧರಿಗೂ, ರೋಗದಿಂದ ಬಲಗುಂದಿದವರಿಗೂ ಹಸಿಮೀನನ್ನು ಎಲ್ಲಿಂದ ತಂದರೂ ಬಡಿಸಕೂಡದು.

ಜಪಾನಿನ ಗೃಹಿಣಿಯು ಮಾಡುವುದೇನು? ಅವಳು ಇಡಿಯ ಮೀನನ್ನು ತಂದು ಸಾಹಸ ಮಾಡುವುದು ಅಪರೂಪ. ಹಸಿಯಾಗಿ ತಿನ್ನಲೆಂದೇ ಗುರುತು ಹಾಕಿ, ಮುಳ್ಳು ಚರ್ಮ ತೆಗೆದು, ಇಟ್ಟಿಗೆಯಾಕಾರಕ್ಕೆ ಕೊಯ್ದಿಟ್ಟ ತುಂಡನ್ನು ಅಂಗಡಿಯಿಂದ ತಂದು ಆ ದಿನವೇ ಮುಗಿಸುವಳು. ಟ್ಯೂನದ ಅಂತಹ ತುಂಡುಗಳಲ್ಲಿ ಎಷ್ಟೋ ಹಡಗಿನ ಮೇಲೆಯೇ ಸೊನ್ನೆಗಿಂತ 60 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿದವಾಗಿರುವುವು. ಸಾಲ್ಮನ್ ಮೀನಿನ ಕಥೆ ಇನ್ನೂ ಸ್ವಾರಸ್ಯವಾದುದು: ತಮ್ಮ ಕಡಲಿನ ಸಾಲ್ಮನ್ನಿನಲ್ಲಿ ಹುಳುವಿರುವುದೆಂದು ಅರಿತಿದ್ದ ಜಪಾನೀಯರು ಅದನ್ನು ಉಪ್ಪು ಹಾಕಿ ಸುಟ್ಟೇ ತಿನ್ನುತ್ತಿದ್ದರು, 1980ರ ದಶಕದಲ್ಲಿ ನಾರ್ವೆಯವರು, ಒಣ ಆಹಾರ ಹಾಕಿ ಸಾಕಿದ ತಮ್ಮ ಮೀನನ್ನು ಹಸಿಯಾಗಿ ತಿನ್ನಬಹುದೆಂದು ವರ್ಷಗಟ್ಟಲೆ ಪ್ರಚಾರ ಮಾಡಿ ಒಪ್ಪಿಸಬೇಕಾಯಿತು. ಇತರ ದೇಶಗಳಲ್ಲಿ ‘ಸುಶಿ ದರ್ಜೆ’ ಎಂಬ ಚೀಟಿ ಕಂಡೊಡನೆ ಮರುಳಾಗಬಾರದು. ಅಮೆರಿಕದಲ್ಲಿ ಆ ಮಾತಿಗೆ ಕಾಯಿದೆಯ ಅರ್ಥವೇ ಇಲ್ಲ. ಎಷ್ಟು ಡಿಗ್ರಿಯಲ್ಲಿ, ಎಷ್ಟು ಕಾಲ ಇಟ್ಟಿರೆಂದು ಕೇಳಿ. ಉತ್ತರ ಬಾರದಿದ್ದರೆ ಆ ಅಂಗಡಿಯಲ್ಲಿ ಸೌತೆಕಾಯಿ ಕೊಂಡು ಬನ್ನಿ.

ಇನ್ನು ಅನ್ನ. ಸೋನಾಮಸೂರಿ ಬಿಡಿಬಿಡಿಯಾಗುವುದರಿಂದ ಈ ಕೆಲಸಕ್ಕೆ ಬಾರದು. ಅಂಟುವ ಗುಂಡುಕಾಳಿನ ಜಪಾನೀ ಅಕ್ಕಿಯೇ ಬೇಕು. 300 ಗ್ರಾಂ ಅಕ್ಕಿಯನ್ನು ನೀರು ತಿಳಿಯಾಗುವವರೆಗೆ ತೊಳೆದು, ಅರ್ಧ ಗಂಟೆ ನೆನೆಸಿ ಬಸಿದು, ಒಣ ಅಕ್ಕಿಯ ಅಳತೆಯಷ್ಟೇ ನೀರಿನಲ್ಲಿ ಮುಚ್ಚಿ ಬೇಯಿಸತಕ್ಕದ್ದು. ಒಲೆಯಿಂದಿಳಿಸಿ ಹತ್ತು ನಿಮಿಷ ಮುಚ್ಚಳ ತೆಗೆಯಬಾರದು. ಅಕ್ಕಿಯ ವಿನೆಗರು 4 ದೊಡ್ಡ ಚಮಚ, ಸಕ್ಕರೆ 2 ದೊಡ್ಡ ಚಮಚ, ಉಪ್ಪು 1 ಸಣ್ಣ ಚಮಚ ಇವನ್ನು ಕರಗಿಸಿಟ್ಟುಕೊಂಡು, ಒದ್ದೆಮಾಡಿದ ಮರದ ಮರಿಗೆಗೆ ಬಿಸಿಯನ್ನವನ್ನು ಸುರಿದು ಅದರ ಮೇಲೆ ಚಿಮುಕಿಸಬೇಕು. ಅನ್ನವನ್ನು ಕಲಸಕೂಡದು, ಮರದ ಸೌಟಿನ ಅಂಚಿನಿಂದ ಓರೆಯಾಗಿ ಕಡಿಯುತ್ತ ತಿರುವಬೇಕು. ಆಗಲೇ ಮನೆಯ ಮಗುವೊಂದರ ಕೈಗೆ ಬೀಸಣಿಗೆ ಕೊಟ್ಟು ಬೀಸಿಸಿದರೆ ಕಾಳುಗಳಿಗೆ ಹೊಳಪು ಬರುವುದು. ಮೈಶಾಖಕ್ಕೆ ಬಂದ ಮೇಲೆ ಒದ್ದೆಬಟ್ಟೆ ಮುಚ್ಚಿಡುವುದು. ಅನ್ನವನ್ನು ಫ್ರಿಜ್ಜಿನಲ್ಲಿಟ್ಟರೆ ಗಡುಸಾಗಿ ರುಚಿಗೆಡುವುದು.

ಸುತ್ತುವ ಕಪ್ಪು ಹಾಳೆಗೆ ನೋರಿ ಎನ್ನುವರು. ಕಡಲಪಾಚಿಯನ್ನು ಕಾಗದದಂತೆ ಹರಡಿ ಒಣಗಿಸಿದ್ದು. ಇದರ ಬೀಜವು ಬೇಸಗೆಯಲ್ಲಿ ಎಲ್ಲಿ ಅಡಗುವುದೆಂಬುದು ಯಾರಿಗೂ ತಿಳಿಯದೆ ಜಪಾನಿನ ಬೆಳೆಗಾರರು ದೈವವನ್ನೇ ನಂಬಿದ್ದರು. ಅದು ಚಿಪ್ಪುಗಳೊಳಗೆ ಬೇರೊಂದು ರೂಪದಲ್ಲಿ ವಾಸಿಸುವುದೆಂದು 1949ರಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ಕ್ಯಾಥ್ಲೀನ್ ಡ್ರೂ-ಬೇಕರ್ ಎಂಬ ಮಹಿಳೆ. ಮದುವೆಯಾದಳೆಂದು ಸಂಬಳದ ಅಧ್ಯಾಪಕ ಪದವಿ ತಪ್ಪಿದರೂ ಮ್ಯಾಂಚೆಸ್ಟರಿನಲ್ಲಿ ಸಂಶೋಧನೆಯನ್ನು ಬಿಡದವರು. ಅವರು ಜಪಾನನ್ನು ಕಾಣಲೇ ಇಲ್ಲ. ಕುಮಾಮೊಟೊ ಪ್ರಾಂತದ ಉಟೊ ಊರಿನಲ್ಲಿ 1963ರಲ್ಲಿ ಅವರಿಗೆ ಸ್ಮಾರಕವೆತ್ತಿ, ಪ್ರತಿವರ್ಷ ಏಪ್ರಿಲ್ 14ರಂದು ನೋರಿ ಬೆಳೆಗಾರರು ಅಲ್ಲಿ ನೆರೆಯುವರು.

ಇಡಿಯ ಹಾಳೆ ಸುಮಾರು 21ಕ್ಕೆ 19 ಸೆಂಟಿಮೀಟರು; ಸಣ್ಣ ಸುರುಳಿಗೆ ಅದರಲ್ಲಿ ಅರ್ಧ ಸಾಕು. ಬಿದಿರುಕಡ್ಡಿಯ ಚಿಕ್ಕ ಚಾಪೆಯ ಮೇಲೆ ನುಣುಪು ಮುಖ ಕೆಳಗಾಗಿ, ಉದ್ದದ ಅಂಚು ನಮ್ಮ ಕಡೆಗಾಗಿ ಹಾಳೆಯನ್ನಿಡುವುದು. ಕೈಗೆ ವಿನೆಗರು ಬೆರಸಿದ ನೀರು ಸವರಿಕೊಂಡು 80 ಗ್ರಾಂ ಅನ್ನವನ್ನು ಒತ್ತದೆ ಹರಡಿ, ದೂರದ ಅಂಚಿನಲ್ಲಿ ಒಂದು ಸೆಂಟಿಮೀಟರು ಬರಿದು ಬಿಡಬೇಕು. ನಡುವೆ ಬೆರಳಿನಿಂದ ತುಸು ವಸಾಬಿ ಎಳೆದು, ಅದರ ಮೇಲೆ ಒಂದು ಸೆಂಟಿಮೀಟರು ದಪ್ಪಕ್ಕೆ ಕೊಯ್ದ ಮೀನಿನ ಪಟ್ಟಿ. ಚಾಪೆಯನ್ನು ಹೆಬ್ಬೆರಳುಗಳಿಂದೆತ್ತಿ, ಮೀನನ್ನು ಉಳಿದ ಬೆರಳುಗಳಿಂದ ತಡೆದು, ಈಚೆಯ ಅನ್ನದಂಚು ಆಚೆಯ ಅನ್ನದಂಚನ್ನು ಮುಟ್ಟುವಂತೆ ಒಂದೇ ಸಲಕ್ಕೆ ಮಗುಚಬೇಕು; ಇಷ್ಟೇ ಗುಟ್ಟು. ಬಿಗಿಯಾಗಿ ಹಿಡಿದೆಳೆದು ಬರಿಯ ಅಂಚನ್ನು ಹೊರಳಿಸಿದರೆ ಮುಗಿಯಿತು. ಮೇಲಿನ ಅಳತೆಗೆ ಎಂಟು ಸುರುಳಿಗಳೂ 200 ಗ್ರಾಂ ಮೀನೂ ಆಗುವುವು. ಮೀನು ಕೊಯ್ದ ಹಲಗೆಯಲ್ಲಿ ಬೇರೇನನ್ನೂ ಕೊಯ್ಯಬೇಡಿ. ಕೊನೆಯ ಗಳಿಗೆಯವರೆಗೂ ಮೀನು ಫ್ರಿಜ್ಜಿನಲ್ಲಿರಲಿ.

ತಕ್ಕ ಮೀನು ಸಿಕ್ಕದ ಕಡೆ ಬೆಂದ ಪದಾರ್ಥವನ್ನು ತುಂಬುವುದೇ ಸರಿ. ಅದು ಸುಶಿಯಲ್ಲವೆಂದು ಯಾವ ಜಪಾನೀಯನೂ ಹೇಳನು. ಅವರ ತಾಯಂದಿರು ವನಭೋಜನಕ್ಕೂ ಶಾಲೆಯ ಆಟದ ದಿನಕ್ಕೂ ಕಟ್ಟಿಕೊಡುವ ದಪ್ಪ ಸುರುಳಿಯಲ್ಲಿ ಹಸಿಮೀನು ಇರುವುದು ವಿರಳ. ಮಡಿಸಿ ಬೇಯಿಸಿದ ಮೊಟ್ಟೆ, ಸೋಯಾ ಸಾಸಿನಲ್ಲಿ ಕುದಿಸಿದ ಅಣಬೆ, ಸೌತೆಕಾಯಿ, ಇವುಗಳೊಡನೆ ಕನ್‌ಪ್ಯೋ ಎಂಬ ಸಿಹಿ ಪಟ್ಟಿ. ಈ ಕನ್‌ಪ್ಯೋ ಮತ್ತೇನೂ ಅಲ್ಲ, ನಮ್ಮ ಸೋರೆಕಾಯಿಯ ಜಾತಿಯ ಕಾಯನ್ನೇ ಉದ್ದಕ್ಕೆ ಹೆರೆದು ಒಣಗಿಸಿದ್ದು. ಜಪಾನಿನಲ್ಲಿ ಬೆಳೆಯುವುದರಲ್ಲಿ ಹೆಚ್ಚಿನ ಪಾಲು ತೋಚಿಗಿ ಪ್ರಾಂತದ್ದು. ಇದಕ್ಕೆ ಇಡಿಯ ಹಾಳೆಯೂ ಇಮ್ಮಡಿಗಿಂತ ಹೆಚ್ಚು ಅನ್ನವೂ ಬೇಕು. ಫೆಬ್ರವರಿಯ ಮೊದಲಲ್ಲಿ ಬರುವ ಸೆತ್ಸುಬುನ್ ಹಬ್ಬದಂದು ಇಂತಹ ಸುರುಳಿಯನ್ನು ಕೊಯ್ಯದೆಯೇ, ಆ ವರ್ಷದ ಶುಭದಿಕ್ಕಿಗೆ ಮುಖ ಮಾಡಿ, ಮಾತಾಡದೆ ಪೂರಾ ತಿಂದು ಮುಗಿಸುವ ಪದ್ಧತಿಯೊಂದುಂಟು. ಮಕ್ಕಳು ಮಾತಾಡದೆ ಉಣ್ಣುವ ಹಬ್ಬ ನಮ್ಮಲ್ಲಿಯೂ ಇದ್ದಿದ್ದರೆ ಚೆನ್ನಾಗಿತ್ತು.

ಸಣ್ಣ ಸುರುಳಿಯನ್ನು ನಡುವೆ ಕೊಯ್ದು, ಎರಡನ್ನೂ ಜೊತೆಗಿಟ್ಟು ಮೂರು ಮೂರು ಮಾಡಿದರೆ ಆರು ತುಂಡು. ಪ್ರತಿಸಲವೂ ಕತ್ತಿಯನ್ನು ಒದ್ದೆಬಟ್ಟೆಯಿಂದ ಒರಸದಿದ್ದರೆ ಅನ್ನ ಹಿಡಿದುಕೊಂಡು ಹಾಳೆ ಹರಿಯುವುದು. ನೋರಿ ಮೆತ್ತಗಾಗುವ ಮುನ್ನವೇ ಬಡಿಸಬೇಕು. ಹಸಿಮೀನಿನ ಸುರುಳಿಯನ್ನು ಮರುದಿನಕ್ಕಾಗಲಿ ಡಬ್ಬಿಯ ಬುತ್ತಿಗಾಗಲಿ ಇಡಕೂಡದು. ಮೀನಿನ ಪಟ್ಟಿಗಳು ಮಿಕ್ಕರೆ ಅಂದೇ ಸಂಜೆ ಶುಂಠಿಯ ಚೂರು, ಸೋಯಾ ಸಾಸು, ಚಿಟಿಕೆ ಸಕ್ಕರೆ ಹಾಕಿ ಬೇಯಿಸಿದರೆ ಬಿಸಿಯನ್ನಕ್ಕೆ ಒಳ್ಳೆಯ ವ್ಯಂಜನವಾಗುವುದು.