ನಾಯಿಯ ಅಳಲಿಗೆ ಏಟು ಮದ್ದಲ್ಲ

ಚೆನ್ನೈನ ಫ್ಲ್ಯಾಟುಗಳಲ್ಲಿ ನಾಯಿ ಸಾಕಿರುವ ಕನ್ನಡ ಕುಟುಂಬಗಳು ಈಗ ಕಡಿಮೆಯೇನಿಲ್ಲ. ಊರಿನಲ್ಲಾದರೆ ನಾಯಿಗೆ ಅಂಗಳವಿತ್ತು, ತೋಟವಿತ್ತು. ಇಲ್ಲಿರುವುದು ಎರಡು ಕೋಣೆ, ಒಂದು ಬಾಲ್ಕನಿ. ದೊಡ್ಡವರು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೊರಟ ಕೂಡಲೇ ಬಾಗಿಲ ಹಿಂದೆ ಕುಂಯ್‌ಗುಟ್ಟುವ ಸದ್ದು ಶುರುವಾಗುತ್ತದೆ. ಸಂಜೆ ಮರಳುವಷ್ಟರಲ್ಲಿ ಪಕ್ಕದ ಮನೆಯವರ ದೂರು ಕಾದಿರುತ್ತದೆ. ದೂರು ಹೆಚ್ಚಿದಾಗ ಕೆಲವರು ನಾಯಿಗೆ ಬಾರಿಸುತ್ತಾರೆ. ಇನ್ನು ಕೆಲವರು ಬೀದಿಗೇ ಬಿಟ್ಟು ಕೈತೊಳೆದುಕೊಳ್ಳುತ್ತಾರೆ. ಸಾಕಿದ ಪ್ರಾಣಿಯನ್ನು ಹೀಗೆ ಬೀದಿಪಾಲು ಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಭಾಷೆ ಬಾರದ ಊರಿಗೆ ಬಂದು ಬಸ್ ಕಂಡಕ್ಟರಿಗೆ, ಅಂಗಡಿಯವರಿಗೆ ಕೈಸನ್ನೆಯಲ್ಲಿ ವಿಷಯ ತಿಳಿಸಲು ಒದ್ದಾಡಿದ ಅನುಭವ ಇಲ್ಲಿನ ಅನೇಕ ಕನ್ನಡಿಗರಿಗಿದೆ. ನಾಯಿಯ ಪಾಡೂ ಅದೇ. ಕುಂಯ್‌ಗುಡುವುದು ಅದಕ್ಕೆ ತಿಳಿದ ಮಾತು. ಆ ಮಾತಿನ ಅರ್ಥ ಹುಡುಕುವುದು ಸಾಕಿದವರ ಕೆಲಸ.

ಮೊದಲು ನೋಡಬೇಕಾದ್ದು ನೋವು. ಸುಮ್ಮನಿರುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಅಳತೊಡಗಿದರೆ ಕಿವಿಯ ಸೋಂಕು, ಹಲ್ಲುನೋವು, ಹೊಟ್ಟೆಯ ತೊಂದರೆ ಇರಬಹುದು. ವಯಸ್ಸಾದ ನಾಯಿಗೆ ಕೀಲುನೋವು ಬರುತ್ತದೆ, ಮರೆವು ಕೂಡ ಬರುತ್ತದೆ. ರಾತ್ರಿ ಎದ್ದು ಗೊತ್ತುಗುರಿಯಿಲ್ಲದೆ ಅಲೆದು ಅಳುವುದು ಆ ಮರೆವಿನ ಲಕ್ಷಣವಾಗಿರಬಹುದು. ಇಂಥ ಹೊತ್ತಿನಲ್ಲಿ ಬೇಕಾದ್ದು ಪಶುವೈದ್ಯರು. 1903ರಲ್ಲಿ ಸೈದಾಪೇಟೆಯಲ್ಲಿ ಆರಂಭವಾದ ಮದ್ರಾಸ್ ಪಶುವೈದ್ಯಕೀಯ ಕಾಲೇಜು ಈಗ ವೇಪೇರಿಯಲ್ಲಿದ್ದು, ಅಲ್ಲಿ ಸಾಕುಪ್ರಾಣಿಗಳಿಗೆ ಚಿಕಿತ್ಸೆ ದೊರೆಯುತ್ತದೆ.

ಮರಿಗಳ ಅಳುವಿಗೆ ಕಾರಣ ಬೇರೆ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರ ನಿಯಮ ಹೇಳುತ್ತದೆ. ಅದಕ್ಕೂ ಮುನ್ನ ತಾಯಿಯಿಂದ ಅಗಲಿಸಿ ತಂದ ಮರಿ ರಾತ್ರಿಯಿಡೀ ಅತ್ತರೆ ತಪ್ಪು ಮರಿಯದಲ್ಲ. ಮೊದಲ ಕೆಲವು ರಾತ್ರಿ ಅದರ ಹಾಸಿಗೆ ಮನೆಯವರು ಮಲಗುವ ಕೋಣೆಯಲ್ಲೇ ಇರಲಿ. ನಡುರಾತ್ರಿ ಒಮ್ಮೆ ಮೂತ್ರಕ್ಕೆ ಹೊರಗೆ ಕರೆದೊಯ್ದರೆ ಅರ್ಧ ಗಲಾಟೆ ನಿಲ್ಲುತ್ತದೆ.

ಚೆನ್ನೈನ ಹವೆಯನ್ನೂ ಮರೆಯುವಂತಿಲ್ಲ. ಮೇ ತಿಂಗಳ ಕತ್ತಿರಿ ಬಿಸಿಲಿನಲ್ಲಿ ಬಾಲ್ಕನಿಗೆ ಕಟ್ಟಿಹಾಕಿದ ನಾಯಿ ಅಳದೆ ಇನ್ನೇನು ಮಾಡೀತು? ದೀಪಾವಳಿಯ ಪಟಾಕಿಗೆ ಹೆದರಿದ ನಾಯಿಗೆ ಕಿಟಕಿ ಮುಚ್ಚಿದ ಒಳಕೋಣೆ, ಜತೆಗೊಬ್ಬರು ಇದ್ದರೆ ಎಷ್ಟೋ ಧೈರ್ಯ.

ಇನ್ನು ಒಂಟಿತನ. ಇದಕ್ಕೆ ಅಭ್ಯಾಸವೇ ಮದ್ದು. ಒಂದು ನಿಮಿಷ ಹೊರಗೆ ನಿಂತು ನಾಯಿ ಗಾಬರಿಯಾಗುವ ಮೊದಲೇ ಒಳಗೆ ಬರುವುದು, ನಂತರ ಐದು ನಿಮಿಷ, ಹತ್ತು ನಿಮಿಷ ಎಂದು ಹೆಚ್ಚಿಸುವುದು. ಹೊರಡುವಾಗ ಮುದ್ದಿಸಿ ಬೀಳ್ಕೊಡುವುದು ಬೇಡ. ಬಿಸಿಲೇರುವ ಮುನ್ನ ಚೆನ್ನಾಗಿ ನಡೆಸಿ, ಕಡಿಯಲು ಏನಾದರೂ ಕೊಟ್ಟು ಹೋದರೆ ಅದು ಮಲಗುವ ಸಂಭವವೇ ಹೆಚ್ಚು.

ಊಟದ ತಟ್ಟೆ ಕಂಡು ಕುಂಯ್‌ಗುಡುವುದು ಮಾತ್ರ ಮನೆಯವರೇ ಕಲಿಸಿದ ಪಾಠ. ಹತ್ತು ನಿಮಿಷ ಸಹಿಸಿ, ಕೊನೆಗೆ ಅಜ್ಜಿ ಕರುಣೆಯಿಂದ ಒಂದು ಚೂರು ಚಪಾತಿ ಹಾಕಿದರೆ, ಹತ್ತು ನಿಮಿಷ ಅತ್ತರೆ ಚಪಾತಿ ಸಿಗುತ್ತದೆ ಎಂದೇ ನಾಯಿ ತಿಳಿಯುತ್ತದೆ. ಅತ್ತಾಗ ಗಮನ ಕೊಡದೆ, ಸುಮ್ಮನಾದಾಗ ಮೆಚ್ಚಿ ಕೊಡಬೇಕು. ಮೊದಲ ಕೆಲವು ದಿನ ಅಳು ಹೆಚ್ಚಬಹುದು. ಮನೆಮಂದಿಯೆಲ್ಲ ಒಂದೇ ಮಾತಿಗೆ ನಿಂತರೆ ಅದು ತಾನಾಗಿ ತಗ್ಗುತ್ತದೆ. ಗದರಿಕೆ, ಏಟುಗಳಿಂದ ಹೆಚ್ಚುವುದು ಭಯ. ಭಯದಿಂದ ಹೆಚ್ಚುವುದು ಅಳು.

ನೆರೆಹೊರೆಯ ವಿಷಯದಲ್ಲಿ ಎರಡೂ ಕಡೆಯವರಿಗೆ ಹೊಣೆಯಿದೆ. ನಾಯಿ ಸಾಕುವುದನ್ನು ನಿವಾಸಿಗಳ ಸಂಘಗಳು ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಸ್ಪಷ್ಟಪಡಿಸಿದೆ. ರಾತ್ರಿ ಹೊತ್ತು ನಾಯಿಯನ್ನು ಸುಮ್ಮನಿರಿಸಲು ಪ್ರಯತ್ನಿಸಬೇಕೆಂದು ಸಾಕುವವರಿಗೂ ಹೇಳಿದೆ. ದೂರು ಬರುವ ಮೊದಲೇ ಪಕ್ಕದ ಮನೆಗೆ ಹೋಗಿ, "ಅಭ್ಯಾಸ ಮಾಡಿಸುತ್ತಿದ್ದೇವೆ, ಕೆಲವು ವಾರ ಸಹಿಸಿಕೊಳ್ಳಿ" ಎಂದು ತಮಿಳಿನಲ್ಲಿ ನಾಲ್ಕು ಮಾತಾಡಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಇಲ್ಲಿನ ಕನ್ನಡ ಸಂಘಗಳೂ ಮನಸ್ಸು ಮಾಡಬೇಕು. ಬೇಸಿಗೆ ರಜೆ, ದಸರಾ ಬಂತೆಂದರೆ ಕುಟುಂಬಗಳು ಬೆಂಗಳೂರು, ಉಡುಪಿ, ಮಂಗಳೂರಿಗೆ ಹೊರಡುತ್ತವೆ. ಒಂಟಿಯಾದ ನಾಯಿಯ ಅಳು ಹೆಚ್ಚಾಗಿ ಕೇಳಿಸುವುದು ಆಗಲೇ. ನಾಯಿ ಸಾಕಿರುವ ಸದಸ್ಯರ ಪಟ್ಟಿಯೊಂದನ್ನು ಸಂಘ ಸಿದ್ಧಪಡಿಸಿದರೆ ಒಬ್ಬರ ನಾಯಿಯನ್ನು ಇನ್ನೊಬ್ಬರು ನೋಡಿಕೊಳ್ಳಬಹುದು. ಬಿಡುವಿರುವ ಹಿರಿಯ ಸದಸ್ಯರು ಮಧ್ಯಾಹ್ನ ಒಮ್ಮೆ ಹೋಗಿ ನೋಡಿ ಬಂದರೂ ಸಾಕು. ಇದಕ್ಕೆ ಹಣ ಬೇಕಿಲ್ಲ, ಸಭಾಂಗಣವೂ ಬೇಕಿಲ್ಲ. ಮುಂದಿನ ಮಾಸಿಕ ಸಭೆಯಲ್ಲಿ ಹತ್ತು ನಿಮಿಷ ಈ ವಿಷಯಕ್ಕೆ ಮೀಸಲಿಟ್ಟರೆ ಕೆಲಸ ಆರಂಭವಾದಂತೆಯೇ.