ಟ್ಯಾಂಕರ್ ಚಾಲಕನ ಪಾಠ ಕನ್ನಡದಲ್ಲೂ ಸಿಗಲಿ

ಮಂಗಳೂರಿನಿಂದ ಕೇರಳಕ್ಕೆ ಹೊರಟ ಗ್ಯಾಸ್ ಟ್ಯಾಂಕರ್‌ಗಳು ನಮ್ಮ ಮಂಜೇಶ್ವರ, ಕುಂಬಳೆ ದಾಟಿಯೇ ಹೋಗೋದು. 2012ರ ಆಗಸ್ಟ್‌ನಲ್ಲಿ ಕಣ್ಣೂರಿನ ಚಾಲದಲ್ಲಿ ಟ್ಯಾಂಕರ್ ಮಗುಚಿ, ಹೊತ್ತಿ ಉರಿದು 20 ಜನ ಸತ್ತದ್ದನ್ನು ನಾವ್ಯಾರೂ ಮರೆತಿಲ್ಲ.

ಇಂಥ ಸರಕು ಸಾಗಿಸೋಕೆ ಬರೀ ಹೆವಿ ಲೈಸೆನ್ಸ್ ಸಾಲದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮದಂತೆ 3 ದಿನದ ತರಬೇತಿ ಮುಗಿಸಿ ಪಾಸಾಗಬೇಕು. ಜೊತೆಗೆ ಇಂಗ್ಲಿಷ್ ಮತ್ತು ಸಂವಿಧಾನದ 8ನೇ ಪರಿಚ್ಛೇದದ ಯಾವುದಾದರೂ ಒಂದು ಭಾಷೆ ಓದಲು, ಬರೆಯಲು ಬರಬೇಕು. ಗಮನಿಸಿ, ಯಾವುದಾದರೂ ಒಂದು! ಮಲಯಾಳವೇ ಆಗಬೇಕು, ಮರಾಠಿಯೇ ಆಗಬೇಕು ಅಂತಿಲ್ಲ. ಕನ್ನಡ ಆ ಪಟ್ಟಿಯಲ್ಲಿದೆ. ಕಾಸರಗೋಡಿರಲಿ, ಅಕ್ಕಲಕೋಟೆಯಿರಲಿ, ಕನ್ನಡ ಶಾಲೆಯಲ್ಲಿ ಓದಿದ ಹುಡುಗರು ಹಿಂಜರಿಯಬೇಕಿಲ್ಲ.

ಆದರೆ ಪಾಠವೂ ಕನ್ನಡದಲ್ಲಿ ಸಿಗಬೇಕು ಅನ್ನೋದು ನಮ್ಮ ಒತ್ತಾಯ. ಫಲಕದಲ್ಲಿ 3 ಅಂದರೆ ಪೆಟ್ರೋಲಿನಂಥ ಉರಿಯುವ ದ್ರವ, 8 ಅಂದರೆ ಆಸಿಡ್‌ನಂಥದ್ದು. ಇದನ್ನೆಲ್ಲ ಉರು ಹೊಡೆದು ಪಾಸಾಗಬಹುದು. ನಡುರಾತ್ರಿ ವಾಲ್ವ್ ಸೋರುವಾಗ ಕೈಹಿಡಿಯೋದು ಅರ್ಥವಾದ ಪಾಠ ಮಾತ್ರ.

ತರಬೇತಿಗೆ ಹೆಸರು ಕೊಡುವಾಗಲೇ ಕನ್ನಡ ಪಠ್ಯ ಬೇಕೆಂದು ಬರೆದುಕೊಡಿ. ಕ್ಯಾಬಿನ್‌ನಲ್ಲಿಡುವ ತುರ್ತು ಸೂಚನೆಯ ಟ್ರೆಮ್ ಕಾರ್ಡನ್ನೂ ಕನ್ನಡದಲ್ಲಿ ಕೊಡಿ ಅಂತ ಮಾಲೀಕರನ್ನು ಕೇಳಿ.